ಮಿಕ್ಸಿಂಗ್ ಅಣ್ಣನ ಹಳೇ ಕಾರ್ಡು

ಹೊಸ ಗ್ರಾಫಿಕ್ಸ್ ಕಾರ್ಡು ಬಂದ ದಿನ ಶ್ರೀನಿವಾಸಪುರದ ಆ ಮಹಡಿಯ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ ಅಣ್ಣ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಸ್ಟೀಲ್ ಲೋಟದಲ್ಲಿ ಹಿಡಿದು ಬಾಗಿಲಿಗೆ ಒರಗಿದ್ದ ಅತ್ತಿಗೆ. ಬೆಂಗಳೂರಿನಿಂದ ಕಾರ್ಡು ತಂದಿದ್ದ ಕೋಲಾರದ ಕಂಪ್ಯೂಟರ್ ರಿಪೇರಿಯವನು. ಮತ್ತು ಅದೇ ಕಟ್ಟಡದ ಕೆಳಗಡೆ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ನಾನು. ಅಣ್ಣನ ಕಸುಬು ಮದುವೆ ವೀಡಿಯೋ ತೆಗೆಯುವುದು, ಆಮೇಲೆ ಅದನ್ನು ಕತ್ತರಿಸಿ ಜೋಡಿಸಿ, ಹಾಡು ಸೇರಿಸಿ, ಹೂವು ಪಾರಿವಾಳ ಹಾರಿಸಿ ಕೊಡುವುದು. ಇದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ಆ ಹೂವು ಪಾರಿವಾಳಗಳ ಲೆಕ್ಕವನ್ನೆಲ್ಲ ಮಾಡುವುದು ಕಂಪ್ಯೂಟರಿನೊಳಗಿನ ಈ ಕಾರ್ಡು. ಹಳೆಯದು ಎರಡು ಮೂರು ಮುಹೂರ್ತದ ಸೀಸನ್ನು ದುಡಿದು ಸುಸ್ತಾಗಿತ್ತು.

"ಅಣ್ಣಾ, ಹಳೇದು ನನಗೆ ಕೊಟ್ಟುಬಿಡಿ. ಎಕ್ಸ್‌ಚೇಂಜ್ ಅಂತ ಹಾಕ್ಕೊಳ್ತೀನಿ" ಎಂದ ರಿಪೇರಿಯವನು.

"ಕೊಡಲ್ಲ."

"ಇಟ್ಕೊಂಡು ಏನ್ ಮಾಡ್ತೀರಿ? ಅದರ ಫ್ಯಾನು ಆಗಲೇ ಗೊರಕೆ ಹೊಡೀತಾ ಇದೆ."

"ಅದಕ್ಕೆ ಬೇರೆ ಕೆಲಸ ಇದೆ."

ಅತ್ತಿಗೆ ಲೋಟವನ್ನು ಕುಲುಕಿದರು. "ಕೇಳಬೇಡಪ್ಪ. ಈ ಮನೇಲಿ ಕೆಲಸ ಇಲ್ಲದ ಸಾಮಾನೇ ಇಲ್ಲ. ಕೆಟ್ಟೋದ ಟಿವಿಯೊಳಗೆ ಮೀನು ಸಾಕ್ತಿದಾರೆ. ಇದರಲ್ಲಿ ಇನ್ನೇನು ಕೋಳಿ ಸಾಕ್ತಾರೋ."

ಎಲ್ಲರೂ ನಕ್ಕೆವು. ಅಣ್ಣ ಮಾತ್ರ ನಗದೆ ಆ ಹಳೆಯ ಕಾರ್ಡಿನ ಧೂಳನ್ನು ಬಣ್ಣದ ಬ್ರಶ್ಶಿನಿಂದ ಕೆಡವುತ್ತಿದ್ದರು. ಅದಕ್ಕೆ ಯಾವ ಕೆಲಸ ಕಾದಿದೆ ಎಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಯಾಕೆ ಕಾದಿದೆ ಎಂಬುದೂ ಗೊತ್ತಿತ್ತು.

ಈಗ ಅಣ್ಣ ಇಲ್ಲ. ಹೋದ ವರ್ಷ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಇದ್ದಾಗ ಅಂಗಡಿಯ ಬೋರ್ಡಿನ ಮೇಲೂ ಹಾಕಿಕೊಂಡವರಲ್ಲ. ಮುಳಬಾಗಿಲಿನಿಂದ ರಾಯಲ್ಪಾಡಿನವರೆಗೆ ಯಾರನ್ನು ಕೇಳಿದರೂ ಮಿಕ್ಸಿಂಗ್ ಅಣ್ಣ ಎಂದರೆ ದಾರಿ ತೋರಿಸುತ್ತಿದ್ದರು.

ಹುಟ್ಟಿದ್ದು ವಕ್ಕಲೇರಿ ಕಡೆಯ ಒಂದು ರೇಷ್ಮೆ ಮನೆಯಲ್ಲಿ. ಹುಳುವಿನ ತಟ್ಟೆಗಳ ಮಧ್ಯೆಯೇ ಬೆಳೆದವರು. ತೊಂಬತ್ತರ ದಶಕದಲ್ಲಿ ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ, ಕಣ್ಣು ಕುಕ್ಕುವ ಒಂದು ಲೈಟು ಹಿಡಿದು ಈ ಕಸುಬಿಗೆ ಬಂದರು. ಮಾತಾಡುತ್ತಾ ನಿಂತಾಗ ತಮಗೆ ಗೊತ್ತಿಲ್ಲದೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದರು. ಎದುರಿಗಿರುವವರೂ ಜೊತೆಗೆ ತಿರುಗಬೇಕು, ಆಗ ಬೆಳಕು ಅವರ ಮುಖಕ್ಕೆ ಬೀಳಬೇಕು. ಯಾರಾದರೂ ಸುತ್ತಿಬಳಸಿ ಮಾತಾಡಿದರೆ "ಸ್ವಲ್ಪ ಹಿಂದಕ್ಕೆ ಹೋಗಪ್ಪ, ಅಲ್ಲಿಂದ ಬಾ" ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೂ ಆಮೇಲೆ, ಅಡುಗೆಯವರ ಜೊತೆ ನಿಂತೇ ಉಣ್ಣುತ್ತಿದ್ದರು.

ಅವರಿಗೊಂದು ನಿಯಮವಿತ್ತು. ಊಟದ ಪಂಕ್ತಿಯಲ್ಲಿ ಎಲೆ ತೋರಿಸುತ್ತಿದ್ದರು, ಬಡಿಸುವ ಕೈ ತೋರಿಸುತ್ತಿದ್ದರು. ತುತ್ತಿಗೆ ಬಾಯಿ ತೆರೆದವರನ್ನು ತೋರಿಸುತ್ತಿರಲಿಲ್ಲ.

"ತೋರಿಸಬಾರದು ಕಣೋ. ಮನುಷ್ಯನಿಗೆ ಮಾನ ಅಂತ ಒಂದಿರುತ್ತೆ."

ಇದು ಊಟಕ್ಕೆ ಮಾತ್ರವಲ್ಲ. ಯಾವುದೋ ಹೆಂಗಸಿನ ಸೆರಗು ಜಾರಿದ್ದರೆ ಆ ಜಾಗಕ್ಕೆ ಒಂದು ಗುಲಾಬಿ ಅರಳುತ್ತಿತ್ತು. ಬೀಗರು ಬೆಳ್ಳಿ ತಟ್ಟೆಗೆ ಜಗಳ ಕಾಯ್ದದ್ದು ಟೇಪಿನಲ್ಲಿ ಬಂದಿದ್ದರೆ ಅದೇ ಹೊತ್ತಿಗೆ ತೆರೆಯ ಮೇಲೆ ಎರಡು ಹಂಸ ತೇಲಿಹೋಗುತ್ತಿದ್ದವು. ಕುಡಿದು ಬಂದ ಚಿಕ್ಕಪ್ಪ, ಅತ್ತು ಕಣ್ಣು ಊದಿಸಿಕೊಂಡ ಹುಡುಗಿ, ಎಲ್ಲರೂ ಅಣ್ಣನ ಕೈಯಲ್ಲಿ ಹಾದು ಬಂದರೆ ಮರ್ಯಾದಸ್ತರಾಗುತ್ತಿದ್ದರು. ಬೇರೆ ಕಡೆ ಇನ್ನೂ ಚೆಂದ ಮಾಡುವವರಿದ್ದರೂ ಜನ ಇವರನ್ನೇ ಹುಡುಕಿಕೊಂಡು ಬರುತ್ತಿದ್ದುದು ಇದಕ್ಕೇ. ಮುಚ್ಚಿ ಕೊಡುತ್ತಾರೆ ಎಂದು.

ನಮ್ಮಜ್ಜಿ ಬಿಸಿ ಅನ್ನದ ಪಾತ್ರೆಯನ್ನು ಪೂರ್ತಿ ಮುಚ್ಚಲು ಬಿಡುತ್ತಿರಲಿಲ್ಲ. ಬೆವರಿ ಹಳಸುತ್ತೆ, ಒಂದು ಸಂದು ಬಿಡಿ ಎನ್ನುತ್ತಿದ್ದಳು. ಅಣ್ಣನಿಗೆ ಹೀಗೆ ಹೇಳುವ ಹಿರಿಯರು ಯಾರೂ ಇರಲಿಲ್ಲವೋ ಏನೋ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ರಾಯಲ್ಪಾಡಿನ ಹೆಣ್ಣು, ಮಾಲೂರು ಕಡೆ ಲಕ್ಕೂರಿನ ಗಂಡು. ಮದುವೆ ಶ್ರೀನಿವಾಸಪುರದ ಛತ್ರದಲ್ಲಿ. ಫೋಟೋ ನನ್ನದು, ವೀಡಿಯೋ ಅಣ್ಣನದು. ಮದುಮಗಳ ತಾಯಿಯ ತಾಯಿ, ಮನೆಮಂದಿಯೆಲ್ಲ ಅಜ್ಜಿ ಎನ್ನುತ್ತಿದ್ದ ಸಣ್ಣ ಮೈಯ ಮುದುಕಿ, ಆ ದಿನ ಛತ್ರದ ತುಂಬ ಓಡಾಡಿಕೊಂಡಿದ್ದಳು. ಆಕೆಗೆ ಮರೆವಿನ ಕಾಯಿಲೆ. ತಾನೇ ಎತ್ತಿ ಆಡಿಸಿದ ಮೊಮ್ಮಗಳ ಎದುರಿಗೇ ನಿಂತು ತೆಲುಗಿನಲ್ಲಿ "ಪೆಂಡ್ಲಿ ಎವರಿದಮ್ಮಾ?" ಎಂದು, ಯಾರ ಮದುವೆಯಮ್ಮ ಇದು ಎಂದು, ಮತ್ತೆ ಮತ್ತೆ ಕೇಳುತ್ತಿದ್ದಳು. ಮದುಮಗಳು ಪ್ರತಿ ಸಲವೂ "ನಾದೇ ಅವ್ವಾ" ಎಂದು, ನನ್ನದೇ ಅಜ್ಜಿ ಎಂದು, ನಗುತ್ತಾ ಹೇಳುತ್ತಿದ್ದಳು. ಕೈಗೆ ಕೊಟ್ಟ ಅಕ್ಷತೆಯನ್ನು ಅಜ್ಜಿ ಬಾಯಿಗೆ ಹಾಕಿಕೊಂಡಳು. ಹಸೆಮಣೆ ಹತ್ತಿ ಗಂಡಿನ ಪೇಟವನ್ನು ತೆಗೆದು, ಅವನ ತಲೆ ಸವರಿ, ಮತ್ತೆ ಇಟ್ಟಳು. ಆಮೇಲೆ ಅಣ್ಣನ ಕ್ಯಾಮೆರಾದ ಗಾಜಿಗೆ ಮುಖ ಹತ್ತಿಸಿ, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಇಣುಕಿ ಕೇಳಿದಳು.

"ಎವರು ನಾಯನಾ ಲೋಪಲ?"

ಒಳಗೆ ಯಾರಪ್ಪಾ ಇದೀಯ ಎಂದು. ನಾನು ಹತ್ತಿರದಲ್ಲೇ ಇದ್ದೆ. ಅಣ್ಣ ಕ್ಯಾಮೆರಾದ ಹಿಂದಿನಿಂದ "ನೇನೇ ಅವ್ವಾ", ನಾನೇ ಅಜ್ಜಿ, ಎಂದರು. ಅಜ್ಜಿ ಸಮಾಧಾನದಿಂದ ತಲೆಯಾಡಿಸಿ ಹೋದಳು.

ಮದುವೆಯಾದ ಮೇಲೆ ಮದುಮಗಳ ಸೋದರಮಾವ ಮಹಡಿ ಹತ್ತಿ ಬಂದ. ಆತ ಆ ಅಜ್ಜಿಯ ಸ್ವಂತ ಮಗ. ಕೆಟ್ಟವನಲ್ಲ, ಟೊಮ್ಯಾಟೊ ಲೋಡು ಮಾಡಿಸುತ್ತಾ ಮಂಡಿಯಲ್ಲಿ ಗಂಟಲು ಹರಿದುಕೊಂಡವನು, ಆ ದಿನ ಮಾತ್ರ ಮೆಲ್ಲಗೆ ಮಾತಾಡಿದ.

"ಅಣ್ಣಾ, ನಮ್ಮಮ್ಮ ಬರೋ ಕಡೆಯೆಲ್ಲ ಹೂವು ಸುರಿಸಿಬಿಡಿ. ಗಂಡಿನ ಕಡೆಯೋರು ಮನೇಲಿ ಹಾಕ್ಕೊಂಡು ನೋಡ್ತಾರೆ. ರಕ್ತದಲ್ಲೇ ಇದೆ ಅಂದುಬಿಟ್ರೆ? ನನಗೂ ಒಬ್ಬಳು ಮಗಳಿದಾಳೆ, ನಾಳೆ ಗಂಡು ಹುಡುಕಬೇಕು."

"ಆಯ್ತು ಬಿಡಪ್ಪ, ನನಗೆ ಗೊತ್ತಾಯ್ತು" ಎಂದರು ಅಣ್ಣ. ಯಾವ ಮನೆಯವರಿಗೂ ಅವರು ಎರಡನೇ ಸಲ ಹೇಳಿಸಿಕೊಂಡವರಲ್ಲ.

ಆ ಕೆಲಸವನ್ನು ಅವರು ಮಾಡಿದ ಚೆಂದ ನನಗೆ ಇವತ್ತಿಗೂ ಒಂದೊಂದಾಗಿ ನೆನಪಿದೆ. ಅಜ್ಜಿ ಹಸೆಮಣೆ ಹತ್ತುವಾಗ ತಾವರೆ ಅರಳಿತು. ಪೇಟ ತೆಗೆಯುವಾಗ ಗುಲಾಬಿ ಪಕಳೆ ಸುರಿಯಿತು. "ಪೆಂಡ್ಲಿ ಎವರಿದಿ" ಎಂಬ ಕಡೆಯೆಲ್ಲ ನಾದಸ್ವರ ಜೋರಾಯಿತು. ಮುಗಿಸಿ ನನ್ನನ್ನು ಕರೆದು ತೋರಿಸಿದರು.

"ನೋಡೋ, ಅಜ್ಜಿ ಮದುವೆಗೆ ಬಂದೇ ಇಲ್ಲ."

ಇಬ್ಬರೂ ನಕ್ಕೆವು. ಕಸುಬಿನವರು ಕಸುಬಿನ ಜಾಣತನಕ್ಕೆ ನಗುವ ನಗು ಅದು. ಅದರಲ್ಲಿ ಅಜ್ಜಿಯ ಬಗ್ಗೆ ತಾತ್ಸಾರವಿರಲಿಲ್ಲ. ಅಣ್ಣನ ಮಟ್ಟಿಗೆ ಅವರು ಒಬ್ಬ ಮುದುಕಿಯ ಮಾನ ಕಾದಿದ್ದರು. ಇನ್ನು ಮೂಲ ಟೇಪುಗಳು. ಆಗ ಎಲ್ಲರೂ ಮಾಡುತ್ತಿದ್ದಂತೆ, ಮಿಕ್ಸಿಂಗ್ ಮುಗಿದ ಟೇಪನ್ನು ಮುಂದಿನ ಮುಹೂರ್ತಕ್ಕೆ ಮತ್ತೆ ಕ್ಯಾಮೆರಾಗೆ ಹಾಕುತ್ತಿದ್ದರು. ಅಜ್ಜಿಯ ಮೇಲೆ ಮುಳಬಾಗಿಲಿನ ಯಾವುದೋ ಮದುವೆಯ ಮಂಗಳಾರತಿ ಬಂದು ಕೂತಿತು.

ಎರಡು ವರ್ಷದ ಮೇಲೆ ಅಜ್ಜಿ ತೀರಿಕೊಂಡಳು. ಆಮೇಲೆ ಒಂದು ಮಧ್ಯಾಹ್ನ ಮದುಮಗಳು, ಈಗ ಲಕ್ಕೂರಿನ ಗೃಹಿಣಿ, ಮಹಡಿಗೆ ಬಂದಳು. ತಾಯಿ ಹೊಲದ ಕೆಲಸಕ್ಕೆ ಹೋಗುತ್ತಿದ್ದುದರಿಂದ ಅವಳನ್ನು ಸಾಕಿದ್ದು ಅಜ್ಜಿಯೇ.

"ಅಂಕಲ್, ಅಜ್ಜಿ ಮಾತಾಡೋದು ಒಂಚೂರು ಬೇಕಿತ್ತು. ಅವಳೊಬ್ಬಳದೇ ಫೋಟೋ ಒಂದಿದೆ, ರೇಷನ್ ಕಾರ್ಡಿಗೆ ತೆಗೆಸಿದ್ದು. ಅದರಲ್ಲಿ ಬಾಯಿ ಮುಚ್ಕೊಂಡಿದಾಳೆ. ಅವಳು ಬಾಯಿ ಮುಚ್ಕೊಂಡಿದ್ದನ್ನ ನಾನು ನೋಡೇ ಇಲ್ಲ. ಮದುವೆ ಕ್ಯಾಸೆಟ್ಟಲ್ಲಿ ಯಾಕೋ ಅವಳು ಬಂದಿಲ್ಲ. ಮೊದಲು ತೆಗೆದ ಟೇಪ್ ಬೇರೆ ಇರುತ್ತಂತಲ್ಲ?"

ಅಣ್ಣ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರು. ಈ ಸಲ ಬೆಳಕಿಗಾಗಿ ಅಲ್ಲ.

"ಹುಡುಕಬೇಕಮ್ಮ. ತುಂಬ ಇವೆ."

ಅವಳು ಹೋದ ಮೇಲೆ ಕೇಳಿದೆ, "ಹುಡುಕೋಕೆ ಏನಿದೆ ಅಣ್ಣಾ?"

"ಸುಮ್ನಿರೋ."

ಅವಳು ಮತ್ತೆ ಬಂದಳು. ಲಕ್ಕೂರಿನಿಂದ ಮಾಲೂರು, ಮಾಲೂರಿನಿಂದ ಕೋಲಾರ, ಕೋಲಾರದಿಂದ ಇಲ್ಲಿಗೆ, ಬಸ್ಸು ಬದಲಾಯಿಸಿಕೊಂಡು. ರಾಯಲ್ಪಾಡಿನ ತವರಿಗೆ ಹೋಗುವಾಗಲೆಲ್ಲ ಇಳಿದು ಬರುತ್ತಿದ್ದಳು. ಒಂದು ಸಲ ಅಣ್ಣ ಟೇಪಿಗೆ ಬೂಷ್ಟು ಹಿಡಿದಿದೆ ಎಂದರು. ಮತ್ತೊಂದು ಸಲ ತೊಳೆಸಲು ಚೆನ್ನೈಗೆ ಕಳಿಸಿದ್ದೇನೆ ಎಂದರು. ಅವಳು ಅದನ್ನು ನಂಬಿ, ನಮ್ಮಿಂದ ನಿಮಗೆ ಎಷ್ಟು ತೊಂದರೆ ಎಂದು, ಲಕ್ಕೂರಿನ ಅವರೆಕಾಯಿ ಒಂದು ಚೀಲ ತಂದುಕೊಟ್ಟಳು. ಅತ್ತಿಗೆ ಸುಲಿದು, ಹಿದುಕಿ, ಸಾರು ಮಾಡಿ ನನ್ನನ್ನೂ ಊಟಕ್ಕೆ ಕರೆದರು. ಅಣ್ಣ ಆ ದಿನ ಮಜ್ಜಿಗೆ ಅನ್ನ ಉಂಡರು.

"ಯಾಕೆ, ಹೊಟ್ಟೆ ಸರಿಯಿಲ್ವಾ?" ಎಂದರು ಅತ್ತಿಗೆ.

"ಅದು ಬೇರೆಯೋರ ಅವರೆಕಾಯಿ" ಎಂದರು ಅಣ್ಣ.

"ಅವರೆಕಾಯಿ ಯಾವತ್ತು ನಮ್ಮದಾಗಿತ್ತು? ನಾವೇನು ಬೆಳೀತೀವಾ?" ಎಂದರು ಅತ್ತಿಗೆ. ಅವರಿಗೆ ಆಗ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮತ್ತು ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಇಂಥ ದಿನಗಳಲ್ಲೇ ಒಂದು ಪತ್ರಿಕೆ ಕೈಗೆ ಬಂತು. ಅಣ್ಣ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಇಂಗ್ಲಿಷಿನ ಕಂಪ್ಯೂಟರ್ ಪತ್ರಿಕೆ ಕೊಳ್ಳುತ್ತಿದ್ದರು, ಅದರ ಜೊತೆ ಬರುವ ಸಿಡಿಯಲ್ಲಿ ಹೊಸ ಹೂವುಗಳು ಇರುತ್ತಿದ್ದವು ಎಂದು. ಓದಿ ಹೇಳುವ ಕೆಲಸ ನನ್ನದು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಅವರದಕ್ಕಿಂತ ಒಂದು ಗೇಣು ಹೆಚ್ಚು. ಒಂದು ಪುಟದಲ್ಲಿ ಹೀಗಿತ್ತು. ನಮ್ಮ ಮೈಯೊಳಗೆ ಪ್ರೋಟೀನು ಎಂಬುದು ದಾರದ ಹಾಗೆ ಇರುತ್ತದೆ, ತಾನಾಗಿ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಮಡಿಕೆ ತಪ್ಪಿದರೆ ಕಾಯಿಲೆ. ಮುದುಕರ ಮರೆವಿಗೂ ಅಂಥದೇ ಒಂದು ತಪ್ಪು ಮಡಿಕೆ ಕಾರಣವಿರಬಹುದು. ಅದು ಹೇಗೆ ಮಡಚುತ್ತದೆಂದು ಲೆಕ್ಕ ಹಾಕಲು ಒಂದು ಕಂಪ್ಯೂಟರಿಗೆ ತಲೆಮಾರುಗಳು ಬೇಕು. ಆದ್ದರಿಂದ ವಿದೇಶದ ಯಾವುದೋ ವಿಶ್ವವಿದ್ಯಾಲಯದವರು ಲೆಕ್ಕವನ್ನು ತುಂಡು ತುಂಡು ಮಾಡಿ, ಇಷ್ಟವಿದ್ದವರ ಕಂಪ್ಯೂಟರಿಗೆಲ್ಲ ಇಂಟರ್ನೆಟ್ಟಿನಲ್ಲಿ ಒಂದೊಂದು ತುಂಡು ಕಳಿಸುತ್ತಾರೆ. ಸುಮ್ಮನೆ ಕೂತ ಕಂಪ್ಯೂಟರು ಆ ತುಂಡನ್ನು ಮಾಡಿ ಮುಗಿಸಿ ವಾಪಸು ಕಳಿಸುತ್ತದೆ. ಗ್ರಾಫಿಕ್ಸ್ ಕಾರ್ಡಿದ್ದರೆ, ಹಳೆಯದಾದರೂ ಸರಿ, ಇನ್ನೂ ಒಳ್ಳೆಯದು.

"ಮರೆವು ಅಂತಾನೇ ಬರೆದಿದಾನಾ? ಸರಿಯಾಗಿ ನೋಡು."

"ಅಂತಾನೇ ಇದೆ ಅಣ್ಣಾ."

"ಕಾರ್ಡು ಯಾಕಂತೆ?"

ಮತ್ತೆ ಓದಿದೆ. "ತೆರೆ ಮೇಲೆ ಸಾವಿರ ಪಕಳೆ ಒಟ್ಟಿಗೆ ಬೀಳಿಸೋಕೆ ಎಂಥ ಲೆಕ್ಕ ಬೇಕೋ, ಇದಕ್ಕೂ ಅಂಥದೇ ಬೇಕಂತೆ. ಸಣ್ಣ ಸಣ್ಣ ಲೆಕ್ಕ, ಸಾವಿರಾರು, ಒಂದೇ ಸಲಕ್ಕೆ."

ಅಣ್ಣ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲಾಗದ ಆ ಪುಟವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಅವರ ಮುಖ ಸ್ವಲ್ಪ ಬಿಚ್ಚಿಕೊಂಡಿತು.

"ಇದು ಚಾಕಿ ಹುಳು ಹಂಚಿದ ಹಾಗೆ ಕಣೋ. ಒಂದು ಕಡೆ ಮೊಟ್ಟೆ ಒಡೆಸಿ, ಮರಿ ಹುಳನ ಮನೆ ಮನೆಗೆ ಕೊಡಲ್ವಾ? ಅವರವರ ಮನೇಲಿ ಸೊಪ್ಪು ಹಾಕಿ, ಗೂಡು ಕಟ್ಟಿಸಿ, ತಂದು ಒಪ್ಪಿಸೋದು. ಒಬ್ಬನ ಮನೇಲಿ ಎಷ್ಟು ಗೂಡಾಗುತ್ತೆ? ಎಲ್ಲರದೂ ಸೇರಿದ್ರೆ ಸೀರೆ."

ಹೊಸ ಕಾರ್ಡು ಬಂದ ದಿನ ಹಳೆಯದನ್ನು ಅವರು ಕೊಡದೆ ಉಳಿಸಿಕೊಂಡದ್ದು ಇದಕ್ಕಾಗಿ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರೊಂದಕ್ಕೆ ಅದನ್ನು ಕೂರಿಸಿದರು. ಫೋನಿನ ತಂತಿಯಲ್ಲಿ ಬರುವ ಇಂಟರ್ನೆಟ್ಟು ಆಗ ನಮ್ಮೂರಿಗೂ ಬಂದಿತ್ತು. ಮೊದಲ ತುಂಡು ಇಳಿದು ಬಂದಾಗ ತೆರೆಯ ಮೇಲೆ ಬಣ್ಣಬಣ್ಣದ ಮಣಿಸರವೊಂದು ಮೈ ಮುರಿಯುತ್ತಾ ನಿಂತಿತು. ಕೆಳಗೆ ನೂರಕ್ಕೆ ಎಷ್ಟು ಮುಗಿಯಿತು ಎಂಬ ಅಂಕಿ.

ಅಲ್ಲಿಂದ ಆ ಮೂಲೆ ಹುಳುವಿನ ಮನೆಯಾಯಿತು. ಚಪ್ಪಲಿ ಹೊರಗೆ. ಊದುಬತ್ತಿ ಹಚ್ಚುವ ಹಾಗಿಲ್ಲ. ತುಂಡು ಮುಗಿಸಿ ಕೊಡಲು ಅವರದೊಂದು ಗಡುವು ಇರುತ್ತಿತ್ತು. ನಮ್ಮಲ್ಲಿ ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಮುಹೂರ್ತದ ದಿನ ಛತ್ರದಿಂದ ಅತ್ತಿಗೆಗೆ ಫೋನು ಮಾಡಿ, ಊಟವಾಯಿತಾ ಎಂದು ಕೇಳುವ ಮೊದಲು "ಕರೆಂಟಿದೆಯಾ?" ಎನ್ನುತ್ತಿದ್ದರು. ಕಾರ್ಡಿನ ಫ್ಯಾನು ನಿಂತುಹೋದಾಗ ಡಬ್ಬದ ಬಾಗಿಲು ತೆಗೆದಿಟ್ಟು ಎದುರಿಗೆ ಟೇಬಲ್ ಫ್ಯಾನು ಹಾಕಿದರು. ತಮಗೆ ಬೇಸಿಗೆಯಲ್ಲಿ ಬೀಸಣಿಗೆ.

ಅತ್ತಿಗೆಯೂ ಅದಕ್ಕೊಂದು ಕೆಲಸ ಹುಡುಕಿದರು. ಡಿಸೆಂಬರಿನ ಚಳಿಯಲ್ಲಿ ಹುದುಗು ಬರದ ದೋಸೆ ಹಿಟ್ಟಿನ ಪಾತ್ರೆಯನ್ನು ಆ ಡಬ್ಬದ ಮೇಲಿಟ್ಟರೆ ಬೆಳಿಗ್ಗೆ ಉಕ್ಕಿ ನಿಂತಿರುತ್ತಿತ್ತು. "ಮರೆವಿಗೆ ಔಷಧಿ ಸಿಗುತ್ತೋ ಇಲ್ವೋ, ದೋಸೆ ಮಾತ್ರ ಗರಿಗರಿ ಬರ್ತಿದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಕೇಬಲ್ ಟಿವಿಯವನು ಒಂದು ದಿನ ಕೆಣಕಿದ. "ಏನಣ್ಣಾ, ಫಾರಿನ್‌ನೋರಿಗೆ ಪುಕ್ಕಟೆ ಜೀತ ಮಾಡ್ತಿದೀರಂತೆ?"

"ಜೀತ ಯಾರು ಮಾಡೋದು? ಋಣ ಇದ್ದೋನು ತಾನೆ? ಮಾಡ್ತೀನಿ ಬಿಡು" ಎಂದರು ಅಣ್ಣ. ಅವನು ನಗೆಮಾತು ಎಂದುಕೊಂಡ.

ಲಕ್ಕೂರಿನ ಅವಳು ಟೇಪು ಕೇಳಿಕೊಂಡು ಬರುವುದು ನಿಂತಿರಲಿಲ್ಲ. ಬಂದಾಗೆಲ್ಲ ಅಣ್ಣ ಆ ಮೂಲೆಗೆ ಬೆನ್ನು ಅಡ್ಡಹಾಕಿ ನಿಲ್ಲುತ್ತಿದ್ದರು. ಆದರೆ ಒಂದು ಸಲ ಅವಳ ಜೊತೆ ಮಗನೂ ಬಂದಿದ್ದ. ಸಣ್ಣ ಮಗು, ನೇರ ಮಣಿಸರದ ಹತ್ತಿರ ಹೋಗಿ ತೆರೆಯ ಮೇಲೆ ಬೆರಳಿಟ್ಟಿತು.

"ಇದೇನು ಅಂಕಲ್, ಹೊಸ ಡಿಸೈನಾ?" ಎಂದಳು ಅವಳು.

ಅಣ್ಣ ಹೇಳಿದರು. ಹುಳು, ಗೂಡು, ಸೀರೆ ಎಲ್ಲ ಸೇರಿಸಿ, ನನಗಿಂತ ಚೆನ್ನಾಗಿಯೇ ಹೇಳಿದರು. ನಿಮ್ಮಜ್ಜಿಗಿದ್ದ ಕಾಯಿಲೆಯ ಗುಟ್ಟು ಹುಡುಕುವ ಕೆಲಸದಲ್ಲಿ ನಮ್ಮದೂ ಒಂದು ಎಳೆ ಎಂದರು. ಕೇಳುತ್ತಾ ಕೇಳುತ್ತಾ ಅವಳ ಕಣ್ಣು ತುಂಬಿತು.

"ನಮ್ಮಜ್ಜಿಗೋಸ್ಕರ ಇಷ್ಟೆಲ್ಲ ಮಾಡ್ತಿದೀರಾ? ನಮ್ಮ ಮನೆಯೋರೇ ಅವಳ ಹೆಸರು ಎತ್ತಲ್ಲ ಅಂಕಲ್." ಹೇಳುತ್ತಲೇ ಬಗ್ಗಿ ಅಣ್ಣನ ಕಾಲು ಮುಟ್ಟಿದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಚೆನ್ನೈನಿಂದ ಟೇಪು ಹಾಳಾಗಿ ಬಂತು ಎಂದುಬಿಟ್ಟರೆ ಅವಳು ನಂಬುತ್ತಿದ್ದಳು, ಅಣ್ಣನನ್ನು ದೇವರೆಂದುಕೊಂಡು ಬಸ್ಸು ಹತ್ತುತ್ತಿದ್ದಳು. ಆದರೆ ಆ ನಮಸ್ಕಾರವನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಚೆನ್ನೈಗೆ ಏನೂ ಕಳಿಸಿಲ್ಲಮ್ಮ. ಟೇಪೇ ಇಲ್ಲ. ನಿಮ್ಮಜ್ಜಿ ಇದ್ದಳು, ತುಂಬಾ ಕಡೆ ಇದ್ದಳು. ನಾನೇ ತೆಗೆದುಹಾಕಿದೆ. ಅವಳ ಮೇಲೆ ಹೂವು ಸುರಿಸಿದ್ದು ನಾನೇ. ಆಮೇಲೆ ಅದೇ ಟೇಪಿನ ಮೇಲೆ ಇನ್ಯಾರದೋ ಮದುವೆ ತೆಗೆದೆ."

ಅತ್ತಿಗೆ ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಬಂದವರು ಅಲ್ಲೇ ನಿಂತರು. ಅವರಿಗೂ ಅಂದೇ ತಿಳಿದದ್ದು.

ಅವಳು ಬೈಯಲಿಲ್ಲ. ಮಗುವಿನ ಬೆರಳನ್ನು ತೆರೆಯಿಂದ ಬಿಡಿಸುತ್ತಾ ಕೇಳಿದಳು, "ಕ್ಯಾಮೆರಾ ಹತ್ತಿರ ಬಂದು ಏನಾದ್ರೂ ಅಂದಿದ್ದಳಾ?"

"ಎವರು ನಾಯನಾ ಲೋಪಲ, ಅಂದಳು." ಅಜ್ಜಿಯ ಎಳೆತ, ಆ ಕೊನೆಯಲ್ಲಿ ಮೇಲೇರುವ ದನಿ, ಎಲ್ಲ ಹಾಗೇ ಬಂತು ಅವರ ಬಾಯಲ್ಲಿ. ಎಷ್ಟು ಸಲ ಒಳಗೇ ಹೇಳಿಕೊಂಡಿದ್ದರೋ. ಅವಳು ನಕ್ಕಳು, ನಗು ಅರ್ಧದಲ್ಲೇ ಅಳುವಾಯಿತು.

"ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡು ಇಷ್ಟು ದಿನ ನನ್ನನ್ನ ಓಡಾಡಿಸಿದ್ರಲ್ಲ ಅಂಕಲ್." ಮಗುವನ್ನು ಎತ್ತಿಕೊಂಡಳು. "ಈ ಮಿಷನ್ನು ಯಾರ್ಯಾರಿಗೋ ಔಷಧಿ ಹುಡುಕಲಿ, ಒಳ್ಳೇದೇ. ಅದನ್ನ ನನಗೆ ತೋರಿಸಬೇಡಿ."

ಮೆಟ್ಟಿಲು ಇಳಿದು ಹೋದಳು. ಕಾಫಿಯನ್ನು ಯಾರೂ ಕುಡಿಯಲಿಲ್ಲ.

ಸಂಜೆ ನಾನು ತಡೆಯಲಾರದೆ ಕೇಳಿದೆ. "ಅವಳ ಸೋದರಮಾವನೇ ಹೇಳಿ ತೆಗೆಸಿಹಾಕಿದ್ದು ಅಂತ ಯಾಕಣ್ಣಾ ಹೇಳ್ಲಿಲ್ಲ? ಅದೂ ನಿಜಾನೇ ಅಲ್ವಾ?"

"ಅವಳಿಗೆ ಅಜ್ಜಿ ಹೋದಳು. ಈಗ ಮಾವನೂ ಹೋಗಬೇಕಾ?"

"ಮತ್ತೆ ಇದನ್ನ ಯಾಕೆ ಓಡಿಸ್ತೀರಿ? ಅವಳು ಬೇಡ ಅಂದಳಲ್ಲ."

ಅಣ್ಣ ಟೇಬಲ್ ಫ್ಯಾನನ್ನು ಡಬ್ಬದ ಕಡೆ ಸರಿಯಾಗಿ ತಿರುಗಿಸಿದರು. ಆಮೇಲೆ ಹೇಳಿದರು. "ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚೋದು ನನ್ನ ಕಸುಬು. ಇವತ್ತೂ ಅದನ್ನೇ ಮಾಡೋಕೆ ಹೋದೆ, ನಡೀಲಿಲ್ಲ. ಅವಳಿಗೆ ಕೊಡಬೇಕಾದ್ದು ಬೇರೆ, ಅದು ನನ್ನ ಕೈಲಿಲ್ಲ. ಇದು ಬೇರೆ. ತಂದ ಹುಳಕ್ಕೆ ಸೊಪ್ಪು ಹಾಕದೆ ಇರೋಕಾಗುತ್ತಾ?"

ಕಂಪ್ಯೂಟರು ಓಡುತ್ತಲೇ ಇತ್ತು. ತೆರೆಯನ್ನು ಮಾತ್ರ ಆರಿಸಿ ಗೋಡೆಯ ಕಡೆ ತಿರುಗಿಸಿಟ್ಟರು. ಬಂದವರಿಗೆ ಅದರ ಕಥೆ ಹೇಳುವುದನ್ನು ನಿಲ್ಲಿಸಿದರು. ಟೇಪುಗಳ ಮೇಲೆ ಮತ್ತೆ ತೆಗೆಯುವುದನ್ನೂ ನಿಲ್ಲಿಸಿದರು. ಅವು ಅತ್ತಿಗೆಯ ಅಕ್ಕಿ ಡಬ್ಬಗಳನ್ನು ಒಂದೊಂದಾಗಿ ಆಕ್ರಮಿಸಿಕೊಂಡವು. ಮದುವೆ ಮನೆಯವರು ಇದನ್ನು ತೆಗೆಯಿರಿ, ಅದನ್ನು ಮುಚ್ಚಿರಿ ಎಂದರೆ "ತೆಗೆದು ಕೊಡ್ತೀನಿ, ತೆಗೆದಿದ್ದನ್ನೂ ಬೇರೆ ಸಿಡಿಯಲ್ಲಿ ಕೊಡ್ತೀನಿ, ಬೇಡ ಅನ್ಬಾರದು" ಎನ್ನುತ್ತಿದ್ದರು. ಕೆಲವರು ಬೇರೆ ಕಡೆ ಹೋದರು. ಅಜ್ಜಿ ತಾತಂದಿರು ಕಂಡರೆ ಮದುಮಕ್ಕಳನ್ನು ಬಿಟ್ಟು ಅವರ ಎದುರಿಗೆ ಕ್ಯಾಮೆರಾ ಹಿಡಿದು ಕೂರುತ್ತಿದ್ದರೆಂದು ದೂರುಗಳೂ ಬಂದವು.

ಒಂದು ಏಪ್ರಿಲ್ಲಿನಲ್ಲಿ ಕಾರ್ಡು ಸತ್ತಿತು. ಮಧ್ಯಾಹ್ನ ಸುಟ್ಟ ವಾಸನೆ ಕೆಳಗಿನ ನನ್ನ ಸ್ಟುಡಿಯೋದವರೆಗೂ ಬಂತು. ನಾನು ಹತ್ತಿ ಹೋಗುವಷ್ಟರಲ್ಲಿ ಅಣ್ಣ ಅದನ್ನು ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡಿದ್ದರು. ಒಂದು ಮಗ್ಗುಲು ಕಪ್ಪಾಗಿತ್ತು.

"ಕೈಲಿದ್ದ ತುಂಡು ಮುಗಿದಿತ್ತಾ ಅಣ್ಣಾ?"

"ಇಲ್ಲ. ಗಡುವು ದಾಟಿದ್ರೆ ಬೇರೆ ಯಾರಿಗಾದ್ರೂ ಕೊಡ್ತಾರಂತ ನೀನೇ ಓದಿ ಹೇಳಿದ್ದೆಯಲ್ಲ. ಅವರು ಮಾಡ್ತಾರೆ ಬಿಡು."

ಇದಾಗಿ ಒಂದು ವರ್ಷ ಕಳೆದಿರಬೇಕು, ಲಕ್ಕೂರಿನಿಂದ ಅವಳ ಫೋನು ಬಂತು. ರಾಯಲ್ಪಾಡಿನಲ್ಲಿ ಅವಳ ತಾಯಿಗೆ ಮರೆವು ಶುರುವಾಗಿದೆ. ಇನ್ನೂ ಮಾತಾಡುತ್ತಾಳೆ, ಮುಂದೆ ಹೇಗೋ ಗೊತ್ತಿಲ್ಲ. ಬಂದು ತೆಗೆಯುತ್ತೀರಾ ಎಂದು ಕೇಳಿದಳಂತೆ. ಅಂಕಲ್ ಎನ್ನಲಿಲ್ಲ ಎಂದರು ಅಣ್ಣ.

ನಾನೂ ಜೊತೆಗೆ ಹೋದೆ. ಮನೆಯ ಮುಂದಿನ ಮಾವಿನ ಮರದ ಕೆಳಗೆ ಆ ತಾಯಿ ಟೊಮ್ಯಾಟೊ ಕ್ರೇಟು ಬೋರಲು ಹಾಕಿಕೊಂಡು ಕೂತಿದ್ದರು. ಅಣ್ಣ ಲೈಟು ಹಾಕಲಿಲ್ಲ, ಅರ್ಧ ಹೆಜ್ಜೆಯೂ ಸರಿಯಲಿಲ್ಲ. ಅವರು ಕೂತಲ್ಲಿಗೇ ಹೋಗಿ ನೆಲದ ಮೇಲೆ ಕೂತು ಕ್ಯಾಮೆರಾ ಆನ್ ಮಾಡಿದರು. ತಾಯಿ ಮಾವಿನ ಫಸಲಿನ ವಿಷಯ ಹೇಳಿದರು. ಸತ್ತ ಎಮ್ಮೆಯ ವಿಷಯ ಹೇಳಿದರು. ಅದನ್ನೇ ಮತ್ತೆ ಮೊದಲಿನಿಂದ ಹೇಳಿದರು. ಮಗಳ ಕಡೆ ತಿರುಗಿ, ಈಯಮ್ಮ ಯಾವೂರಿನವಳು ಎಂದು ನನ್ನನ್ನು ಕೇಳಿದರು.

ಸೋದರಮಾವ ಅಂಗಳದ ಬೇಲಿಗೆ ಒರಗಿ ನೋಡುತ್ತಿದ್ದ. ಆಗ ಹತ್ತಿರ ಬಂದ. ಅಕ್ಕನನ್ನು ಹಾಗೆ ನೋಡಲು ಅವನಿಗೂ ಆಗುತ್ತಿರಲಿಲ್ಲ.

"ಅಣ್ಣಾ, ಇದು ಬೇಡ. ಆವಾಗ ಮದುವೇಲಿ ಅಮ್ಮಂದು ನಾನು ಹೇಳಿದ ಹಾಗೆ ತೆಗೆದುಹಾಕಿಬಿಟ್ರಲ್ಲ, ಹಂಗೇ ಇದನ್ನೂ ಸ್ವಲ್ಪ..."

ಮಾತು ಅಲ್ಲಿಗೇ ನಿಂತಿತು. ಅವಳು ಮಾವನ ಮುಖ ನೋಡಿದಳು. ಆಮೇಲೆ ಅಣ್ಣನನ್ನು ನೋಡಿದಳು. ಅಣ್ಣ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

"ಆಫ್ ಮಾಡಬೇಡಿ ಅಂಕಲ್" ಎಂದಳು.

ಟೇಪು ಮುಗಿಯುವವರೆಗೂ ತೆಗೆದರು. ಕತ್ತರಿಸುವುದಿಲ್ಲ, ಹಾಡು ಸೇರಿಸುವುದಿಲ್ಲ ಎಂದು ಹೇಳಿ, ಕ್ಯಾಮೆರಾದಿಂದ ತೆಗೆದ ಟೇಪನ್ನು ಅಲ್ಲೇ ಅವಳ ಕೈಗೆ ಕೊಟ್ಟರು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅಣ್ಣ ಕೇಳಲೂ ಇಲ್ಲ. ಬಸ್ಸಿಗೆ ಕಾಯುತ್ತಾ ನಿಂತಾಗ ಅವಳೇ ಬಂದು ಕೇಳಿದಳು.

"ಆ ಮಿಷನ್ನು ಓಡ್ತಿದೆಯಾ?"

"ಇಲ್ಲಮ್ಮ. ಕಾರ್ಡು ಸುಟ್ಟುಹೋಯ್ತು."

"ನಮ್ಮನೇಲಿ ಒಂದು ಕಂಪ್ಯೂಟರಿದೆ. ಮಗ ಗೇಮ್ ಆಡ್ತಾನೆ. ಅದರಲ್ಲಿ ಆಗುತ್ತಾ?"

"ಆಗುತ್ತೆ. ಕಾರ್ಡಿಲ್ಲದೆ ನಿಧಾನ ಆಗುತ್ತೆ."

"ಆಗಲಿ."

ಮುಂದಿನ ಭಾನುವಾರ ಅಣ್ಣ ಒಬ್ಬರೇ ಲಕ್ಕೂರಿಗೆ ಹೋದರು. ಇಂಟರ್ನೆಟ್ಟು ಕೈಕೊಟ್ಟು ಮಧ್ಯಾಹ್ನವಾಯಿತಂತೆ. ಮುದ್ದೆ, ಸೊಪ್ಪಿನ ಸಾರು ಬಡಿಸಿದಳಂತೆ, ಉಂಡರಂತೆ. ಸಂಜೆಯ ಬಸ್ಸಿಗೆ ಹೊರಡುವ ಹೊತ್ತಿಗೆ ಮೊದಲ ತುಂಡಿನಲ್ಲಿ ನೂರಕ್ಕೆ ಮೂರು ಮುಗಿದಿತ್ತು.